ಪ್ರತಿಗಳ ಸಂಖ್ಯೆ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಆಮೇಲೆ ಬರೆದುಕೊಟ್ಟದ್ದು.)

ನನ್ನನ್ನು ಇಲ್ಲಿಗೆ ಕರೆಸಿದ್ದು ಪದ್ಯ ಓದಲಿಕ್ಕೆ. ಪದ್ಯ ಜೇಬಿನಲ್ಲಿದೆ, ಹೊತ್ತು ಉಳಿದರೆ ಓದೋಣ. ಇಲ್ಲಿ ಕೂತಿರುವವರಲ್ಲಿ ಅರ್ಧದಷ್ಟು ಜನ ಇಂಜಿನಿಯರಿಂಗ್, ಡಿಪ್ಲೊಮಾ ಓದುವವರು ಅಂತ ಊಟದ ಹೊತ್ತಿನಲ್ಲಿ ಗೊತ್ತಾಯಿತು. ಅದಕ್ಕೇ ಮಾತನ್ನು ಬೇರೆ ಕಡೆ ತಿರುಗಿಸಿದ್ದೇನೆ. ಯೂನಿವರ್ಸಿಟಿ ಲೈಬ್ರರಿಯೊಳಕ್ಕೆ ಇಂಜಿನಿಯರಿಂಗ್ ಪುಸ್ತಕ ಹೇಗೆ ಬರ್ತದೆ, ಯಾರು ತರಿಸ್ತಾರೆ, ನೀವು ಹೋದಾಗ ಅದು ಯಾಕೆ ಸಿಗಲ್ಲ, ಇಷ್ಟೇ ಇವತ್ತಿನ ಮಾತು.

ಬಿ.ಎ. ಓದಿದ ಇವನಿಗೂ ಇಂಜಿನಿಯರಿಂಗಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಹೊಟ್ಟೆಪಾಡಿನದು. ಡಿಗ್ರಿ ಓದುವಾಗ ಎರಡು ವರ್ಷ, ಸಂಜೆ ಐದರಿಂದ ಎಂಟರವರೆಗೆ, ಒಂದು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ದಿನಗೂಲಿಗೆ ಕೆಲಸ ಮಾಡಿದೆ. ಪುಸ್ತಕ ತರಿಸುವ ವಿಭಾಗ. ಗೋಂದು, ಸ್ಟಾಂಪ್ ಪ್ಯಾಡು, ಲೇಬಲ್ಲು, ದಪ್ಪ ರಿಜಿಸ್ಟರು. ಅಲ್ಲಿ ಕೂತು ನಾನು ಓದಿದ್ದು ಕಡಿಮೆ, ನೋಡಿದ್ದು ಜಾಸ್ತಿ.

ನಾವು ಹಳ್ಳಿಯಿಂದ ಬಂದವರು. ಲೈಬ್ರರಿ ಅಂದರೆ ದೇವಸ್ಥಾನದ ಹಾಗೆ, ಅಲ್ಲಿರುವುದೆಲ್ಲ ಮೊದಲಿನಿಂದ ತಾನಾಗಿಯೇ ಇದ್ದದ್ದು ಅಂತ ಅಂದುಕೊಂಡಿರುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಸುಳ್ಳು ಕಣ್ರಪ್ಪ. ಅಲ್ಲಿ ನಿಂತಿರುವ ಒಂದೊಂದು ಪುಸ್ತಕದ ಹಿಂದೆಯೂ ಯಾರೋ ಒಬ್ಬರು ಒಂದು ಚೀಟಿ ಬರೆದಿದ್ದಾರೆ. ಅದಕ್ಕೆ ಇಂಡೆಂಟ್ ಅನ್ನುತ್ತಾರೆ. ಅದರ ದಾರಿ ಹೀಗೆ. ವರ್ಷಕ್ಕೊಮ್ಮೆ ಗ್ರಂಥಾಲಯ ಸಮಿತಿ ಕೂತು ದುಡ್ಡನ್ನು ವಿಭಾಗಗಳಿಗೆ ಹಂಚುತ್ತದೆ. ಸಿವಿಲ್ಲಿಗೆ ಇಷ್ಟು, ಮೆಕ್ಯಾನಿಕಲ್ಲಿಗೆ ಇಷ್ಟು, ಕಂಪ್ಯೂಟರಿಗೆ ಇಷ್ಟು. ವಿಭಾಗದ ಮೇಷ್ಟ್ರು ಸಿಲಬಸ್ಸಿನ ಕೊನೆಯಲ್ಲಿರುವ ಪಠ್ಯಪುಸ್ತಕದ ಪಟ್ಟಿ ನೋಡಿ, ಪ್ರಕಾಶಕರ ಕ್ಯಾಟಲಾಗು ನೋಡಿ, ಚೀಟಿ ತುಂಬಿ ಕಳಿಸುತ್ತಾರೆ. ಅದು ಮುಖ್ಯಸ್ಥರ ಸಹಿ ಮಾಡಿಸಿಕೊಂಡು ಲೈಬ್ರರಿಗೆ ಬರುತ್ತದೆ. ಅಲ್ಲಿ ಗುಮಾಸ್ತರು ಮೊದಲು ಮಾಡುವ ಕೆಲಸ, ಈ ಪುಸ್ತಕ ಆಗಲೇ ಇದೆಯೋ ಇಲ್ಲವೋ ಅಂತ ನೋಡುವುದು. ಇದ್ದರೆ ಕೆಂಪು ಪೆನ್ನಿನಲ್ಲಿ 'ಇದೆ' ಅಂತ ಬರೆದು ಪಕ್ಕಕ್ಕೆ ಇಡುತ್ತಾರೆ. ಇಲ್ಲದಿದ್ದರೆ ಪುಸ್ತಕದ ಅಂಗಡಿಗಳಿಗೆ ಹೋಗುತ್ತದೆ, ಯಾರು ಎಷ್ಟು ಪರ್ಸೆಂಟು ಬಿಡುತ್ತೀರಿ ಅಂತ. ಆಮೇಲೆ ಆರ್ಡರು, ಬಿಲ್ಲು, ಪರಿಗ್ರಹಣ ರಿಜಿಸ್ಟರಿನಲ್ಲಿ ನಂಬರು, ಬೆನ್ನಿಗೆ ಲೇಬಲ್ಲು.

ಈ 'ಇದೆ' ಅನ್ನುವ ಎರಡಕ್ಷರದ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು.

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕ ಒಂದು ಪ್ರತಿ 'ಇದೆ'. ಕ್ಲಾಸಿನಲ್ಲಿ ಅರವತ್ತು ಜನ. ನಲವತ್ತು ಜನ ಅಂಗಡಿಯಲ್ಲಿ ಕೊಂಡುಕೊಳ್ಳುತ್ತಾರೆ, ಅಣ್ಣನದೋ ಅಕ್ಕನದೋ ಮನೆಯಲ್ಲಿ ಇರುತ್ತದೆ. ಉಳಿದ ಇಪ್ಪತ್ತು ಜನಕ್ಕೆ ಆ ಒಂದು ಪ್ರತಿ. ಆ ಇಪ್ಪತ್ತು ಜನ ಯಾರು ಅಂತ ನಾನು ಹೇಳಬೇಕಾಗಿಲ್ಲ, ಪಕ್ಕದಲ್ಲಿ ಕೂತವರ ಮುಖ ನೋಡಿಕೊಳ್ಳಿ. ಆ ಒಂದು ಪ್ರತಿಯೂ ಎಷ್ಟೋ ಸಲ 'ರೆಫರೆನ್ಸ್' ಅನ್ನುವ ಕೆಂಪು ಮೊಹರು ಹೊಡೆಸಿಕೊಂಡು ಒಳಗೇ ಕೂತಿರುತ್ತದೆ. ಅಲ್ಲೇ ಓದಿ, ಮನೆಗೆ ಒಯ್ಯುವ ಹಾಗಿಲ್ಲ. ಹಾಸ್ಟೆಲಿನ ಊಟದ ಗಂಟೆ ಏಳೂವರೆಗೆ. ಲೈಬ್ರರಿ ಮುಚ್ಚುವುದು ಎಂಟಕ್ಕೆ. ಓದುತ್ತಾ ಕೂತರೆ ಊಟ ಹೋಯಿತು, ಊಟಕ್ಕೆ ಎದ್ದರೆ ಪುಸ್ತಕ ಹೋಯಿತು.

ಲೈಬ್ರರಿಯನ್ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ನಾನು ಕೆಲಸ ಮಾಡಿದ ಕಡೆ ಇದ್ದವರು ಒಳ್ಳೆಯವರೇ. ಅವರ ತಲೆಯ ಮೇಲೆ ಒಂದು ಲೆಕ್ಕ ತೂಗುತ್ತಿರುತ್ತದೆ. ಎಐಸಿಟಿಇ ಅಂತ ಒಂದು ಸಂಸ್ಥೆ, 1945ರಲ್ಲಿ ಸಲಹೆ ಕೊಡುವ ಮಂಡಳಿಯಾಗಿ ಹುಟ್ಟಿ, 1987ರ ಕಾಯ್ದೆಯಿಂದ ಅಧಿಕಾರ ಪಡೆದದ್ದು. ಇಂಜಿನಿಯರಿಂಗ್ ಕಾಲೇಜಿಗೆ ಎಷ್ಟು ಕೋರ್ಸು, ಎಷ್ಟು ಸೀಟು ಅನ್ನುವುದರ ಮೇಲೆ ಲೈಬ್ರರಿಯಲ್ಲಿ ಎಷ್ಟು ಶೀರ್ಷಿಕೆ, ಎಷ್ಟು ಸಂಪುಟ ಇರಬೇಕು ಅಂತ ಅದು ಗೊತ್ತು ಮಾಡುತ್ತದೆ. ಶೀರ್ಷಿಕೆ ಬೇರೆ, ಸಂಪುಟ ಬೇರೆ. ಒಂದೇ ಪುಸ್ತಕದ ಇಪ್ಪತ್ತು ಪ್ರತಿ ತಂದರೆ ಸಂಪುಟ ಇಪ್ಪತ್ತು, ಶೀರ್ಷಿಕೆ ಒಂದೇ. ಇಪ್ಪತ್ತು ಬೇರೆ ಬೇರೆ ಪುಸ್ತಕ ತಂದರೆ ಎರಡು ಕಾಲಮ್ಮೂ ತುಂಬುತ್ತವೆ. ದುಡ್ಡು ಅಷ್ಟೇ. ನೀವು ಆ ಕುರ್ಚಿಯಲ್ಲಿ ಕೂತಿದ್ದರೆ ಏನು ಮಾಡುತ್ತಿದ್ದಿರಿ? ಎರಡೂ ತುಂಬುವ ದಾರಿಯನ್ನೇ ಹಿಡಿಯುತ್ತಿದ್ದಿರಿ. ಸಂಶೋಧನೆ ಮಾಡುವವರಿಗೆ ಬಗೆಬಗೆಯ ಪುಸ್ತಕ ಬೇಕು ಅನ್ನುವುದೂ ನಿಜ. ಅದಕ್ಕೆ ನಾನು ತಕರಾರು ತೆಗೆಯುವುದಿಲ್ಲ. ಆದರೆ ಅಂಗಡಿಗೆ ಹೋಗುವ ದುಡ್ಡಿಲ್ಲದವನಿಗೆ ಲೈಬ್ರರಿಯೇ ಅಂಗಡಿ. ಅವನಿಗೆ ಬೇಕಾದದ್ದು ಅದೇ ಪುಸ್ತಕದ ಇಪ್ಪತ್ತೊಂದನೆಯ ಪ್ರತಿ. ಅದನ್ನು ಬರೆಯುವ ಕಾಲಮ್ಮು ತಪಾಸಣೆಯವರ ಹಾಳೆಯಲ್ಲಿ ಇಲ್ಲ.

ಇನ್ನು ಮಾರ್ಚ್ ತಿಂಗಳು. ವರ್ಷವೆಲ್ಲ ಬಾರದ ದುಡ್ಡು ಫೆಬ್ರವರಿಯ ಕೊನೆಗೆ ಬರುತ್ತದೆ. ಮಾರ್ಚ್ 31ರ ಒಳಗೆ ಖರ್ಚಾಗದಿದ್ದರೆ ವಾಪಸ್. ಆಗ ನೋಡಬೇಕು ಸಂಭ್ರಮ. ಆಟೋದಲ್ಲಿ ಡಬ್ಬಗಟ್ಟಲೆ ಪುಸ್ತಕ ಇಳಿಯುತ್ತವೆ. ಚೀಟಿ ಬರೆದು ಆರ್ಡರು ಕೊಟ್ಟು ತರಿಸುವಷ್ಟು ಪುರಸೊತ್ತು ಎಲ್ಲಿ? ಅಂಗಡಿಯವರು ತಂದು ಮೇಜಿನ ಮೇಲೆ ಸುರಿದದ್ದರಲ್ಲಿ ಮೇಷ್ಟ್ರು ಆರಿಸುತ್ತಾರೆ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದದ್ದೇ ಹೆಚ್ಚು. ಹಾಗೆ ಬಂದ ಪುಸ್ತಕಗಳಿಗೆ ರಾತ್ರಿ ಒಂಬತ್ತರವರೆಗೆ ಕೂತು ಮೊಹರು ಹೊಡೆದಿದ್ದೇನೆ. ಅದರಲ್ಲಿ ಎಷ್ಟೋ ಪುಸ್ತಕಗಳ ಹಿಂದೆ ಅಂಟಿಸಿದ ತಾರೀಕಿನ ಚೀಟಿ ನಾನು ಕೆಲಸ ಬಿಡುವವರೆಗೂ ಖಾಲಿಯಾಗಿಯೇ ಇತ್ತು.

ಹಿಂದಿನ ಕಾಲದಲ್ಲಿ ಪುಸ್ತಕ ಹೇಗೆ ಬರುತ್ತಿತ್ತು ಅನ್ನುವುದು ಇನ್ನೂ ಸ್ವಾರಸ್ಯ. ಹಳೆಯ ಸ್ಟ್ಯಾಕಿಗೆ ಹೋಗಿ ಧೂಳು ಒರೆಸಿ ನೋಡಿ. 1951ರಲ್ಲಿ ನಮ್ಮ ದೇಶದಲ್ಲಿ ತಿನ್ನಲಿಕ್ಕೆ ಕಾಳಿಲ್ಲದೆ ಅಮೆರಿಕದಿಂದ 19 ಕೋಟಿ ಡಾಲರ್ ಗೋಧಿ ಸಾಲ ತಂದರು. ಆ ಸಾಲದ ಬಡ್ಡಿಯಲ್ಲಿ 50 ಲಕ್ಷ ಡಾಲರಿನಷ್ಟನ್ನು ವಿದ್ಯಾ ವಿನಿಮಯಕ್ಕೆ ಅಂತ ಎತ್ತಿಟ್ಟು, ಅದರಲ್ಲಿ ನಮ್ಮ ಯೂನಿವರ್ಸಿಟಿಗಳಿಗೆ ಅಮೆರಿಕದ ಪುಸ್ತಕ, ಪ್ರಯೋಗಶಾಲೆಯ ಸಾಮಾನು ಕಳಿಸಿದರು. ಮುಂದೆ ಪಿ.ಎಲ್. 480 ಗೋಧಿಯ ರೂಪಾಯಿಯಲ್ಲಿ ಅಮೆರಿಕದ ಪಠ್ಯಪುಸ್ತಕಗಳನ್ನು ಇಲ್ಲೇ ಅಗ್ಗಕ್ಕೆ ಅಚ್ಚು ಹಾಕಿಸಿದರು. ನಮ್ಮ ಅಪ್ಪ ಅಮ್ಮ ಶಾಲೆಯಲ್ಲಿ ತಿಂದ ಉಪ್ಪಿಟ್ಟಿನ ಗೋಧಿಗೂ ಮೇಲ್ಜಾತಿ ಹುಡುಗ ಓದಿದ ಥರ್ಮೊಡೈನಮಿಕ್ಸಿಗೂ ಹಡಗು ಹೀಗೆ ಒಂದೇ. ನಮಗೆ ಉಪ್ಪಿಟ್ಟು ಸಿಕ್ಕಿತು. ಅದೂ ದೊಡ್ಡದೇ ಬಿಡಿ, ಹೊಟ್ಟೆ ತುಂಬಿದ್ದಕ್ಕೇ ಅವರು ಶಾಲೆ ಬಿಡಲಿಲ್ಲ.

ಬ್ರಿಟಿಷರದು ಇ.ಎಲ್.ಬಿ.ಎಸ್. ಅಂತ ಒಂದು ಸರಣಿ, ಅಲ್ಲಿಯ ಸರ್ಕಾರ ಕೈಯಿಂದ ದುಡ್ಡು ಹಾಕಿ ಬಡ ದೇಶಗಳಿಗೆ ಅಗ್ಗವಾಗಿ ಕಳಿಸುತ್ತಿದ್ದದ್ದು. 1997ರಲ್ಲಿ ನಿಲ್ಲಿಸಿದರು. ರಷ್ಯಾದ್ದು ಮೀರ್ ಪ್ರಕಾಶನ. ಗಟ್ಟಿ ರಟ್ಟು, ಒಳ್ಳೆ ಹೊಲಿಗೆ, ಬೆಲೆ ಮಾತ್ರ ಬಸ್ ಚಾರ್ಜಿನಷ್ಟು. ನಮ್ಮಲ್ಲಿ ನವಕರ್ನಾಟಕದ ಮಳಿಗೆಯಲ್ಲಿ ಸಿಗುತ್ತಿತ್ತು. ಪಿಸ್ಕುನೊವ್ ಬರೆದ ಕ್ಯಾಲ್ಕ್ಯುಲಸ್, ಇರೊದೊವ್ ಬರೆದ ಭೌತಶಾಸ್ತ್ರದ ಲೆಕ್ಕಗಳು. ನಮ್ಮ ಕೇರಿಗಳಿಂದ ಮೊದಲು ಇಂಜಿನಿಯರಾದ ಹಿರಿಯರನ್ನು ಕೇಳಿ ನೋಡಿ, ಟ್ರಂಕಿನಲ್ಲಿ ಒಂದು ಮೀರ್ ಪುಸ್ತಕ ಇದ್ದೇ ಇರುತ್ತದೆ. 1991ರಲ್ಲಿ ಸೋವಿಯತ್ ದೇಶ ಒಡೆದು ಅದೂ ನಿಂತಿತು. ಯಾರ ದುಡ್ಡು ನಿಂತರೂ ಮೊದಲು ಕಾಣೆಯಾಗುವುದು ಅಗ್ಗದ ಪ್ರತಿ. ಇಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ, ಚರಿತ್ರೆಗೆ ಕೂತರೆ ರಾತ್ರಿಯಾಗುತ್ತದೆ.

ಈಗ ಬುಕ್ ಬ್ಯಾಂಕು. ಇದು ನಮ್ಮದೇ ಮಾತು.

1978-79ರಲ್ಲಿ ಕೇಂದ್ರ ಸರ್ಕಾರ, ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಓದುವ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಕೊಡಲು ಈ ಯೋಜನೆ ತಂದಿತು. ಹುಡುಗರು ಬುದ್ಧಿ ಸಾಲದೆ ಓದು ಬಿಡುತ್ತಿಲ್ಲ, ಪುಸ್ತಕ ಸಾಲದೆ ಬಿಡುತ್ತಿದ್ದಾರೆ ಅನ್ನುವುದು ಯಾರೋ ಒಬ್ಬ ಅಧಿಕಾರಿಗೆ ಹೊಳೆದಿರಬೇಕು. ಅವರು ಪುಣ್ಯವಂತರು. ಮುಂದೆ ಇದು 1944ರಿಂದ ನಡೆದುಬಂದಿದ್ದ ಮೆಟ್ರಿಕೋತ್ತರ ವಿದ್ಯಾರ್ಥಿವೇತನದ ಒಳಗೆ ಸೇರಿತು. ನಿಯಮ ಹೀಗಿತ್ತು. ಇಬ್ಬರು ವಿದ್ಯಾರ್ಥಿಗಳಿಗೆ ಒಂದು ಸೆಟ್. ಒಂದು ಸೆಟ್ಟಿನ ಆಯಸ್ಸು 3 ವರ್ಷ. ಇಂಜಿನಿಯರಿಂಗ್ ಡಿಗ್ರಿಗೆ ಸೆಟ್ಟಿಗೆ 7,500 ರೂಪಾಯಿಯ ಮಿತಿ, ಪಾಲಿಟೆಕ್ನಿಕ್ಕಿಗೆ 2,400.

ಇಬ್ಬರಿಗೆ ಒಂದು ಸೆಟ್ ಅಂತ ಬರೆದವರು ಪರೀಕ್ಷೆ ಇಬ್ಬರಿಗೂ ಒಂದೇ ದಿನ ಅನ್ನುವುದನ್ನು ಮರೆತಿದ್ದರು. ಇನ್ನೊಂದು ಸಂಗತಿ, ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸ್ಕೀಮು. 2015ರದ್ದು, 2018ರದ್ದು, 2021ರದ್ದು, 2022ರದ್ದು. ಸ್ಕೀಮು ಬದಲಾದರೆ ಪಠ್ಯ ಬದಲು. ಸೆಟ್ಟಿನ ಆಯಸ್ಸು ಇನ್ನೂ ಉಳಿದಿರುತ್ತದೆ, ಅದರೊಳಗಿನ ಪುಸ್ತಕದ ಆಯಸ್ಸು ಮುಗಿದಿರುತ್ತದೆ.

ನನ್ನ ರೂಮಿನಲ್ಲಿ ಒಬ್ಬ ಮೆಕ್ಯಾನಿಕಲ್ ಓದುವವನಿದ್ದ. ಅಪ್ಪ ಇಟ್ಟಿಗೆ ಗೂಡಿನಲ್ಲಿ ಕೆಲಸ. ಇವನಿಗೂ ಇನ್ನೊಂದು ಹಾಸ್ಟೆಲಿನ ಹುಡುಗನಿಗೂ ಸೇರಿ ಒಂದು ಸೆಟ್ ಬಂತು. ಅದರಲ್ಲಿ ಗ್ರೇವಾಲ್ ಬರೆದ ಹೈಯರ್ ಇಂಜಿನಿಯರಿಂಗ್ ಮ್ಯಾಥಮೆಟಿಕ್ಸ್. ಸಾವಿರ ಪುಟ ದಾಟಿದ ಪುಸ್ತಕ, ಕೈಯಲ್ಲಿ ಹಿಡಿದರೆ ಕಲ್ಲು. ವಾರಕ್ಕೊಬ್ಬರು ಅಂತ ಮಾತಾಡಿಕೊಂಡರು. ಎರಡು ಹಾಸ್ಟೆಲಿಗೂ ನಡುವೆ ನಾಲ್ಕು ಮೈಲಿ, ಬಸ್ಸಿಗೆ ದುಡ್ಡು. ಪರೀಕ್ಷೆಗೆ ಇಪ್ಪತ್ತು ದಿನ ಇದ್ದಾಗ ಇಬ್ಬರೂ ಒಂದು ಭಾನುವಾರ ಕೂತು, ಬ್ಲೇಡಿನಲ್ಲಿ ಪುಸ್ತಕವನ್ನು ಬೆನ್ನಿನ ಹತ್ತಿರ ಎರಡು ಭಾಗ ಮಾಡಿದರು. ಮುಂದಿನ ಅರ್ಧ ಇವನಿಗೆ, ಹಿಂದಿನ ಅರ್ಧ ಅವನಿಗೆ. ಹತ್ತು ದಿನ ಆದ ಮೇಲೆ ಅದಲು ಬದಲು. ನಾನು ಅಲ್ಲೇ ಇದ್ದೆ. ಕುರಿ ಪಾಲು ಹಾಕುವವರ ಹಾಗೆ ಬಹಳ ನಾಜೂಕಾಗಿ ಕುಯ್ದರು, ಒಂದು ಹಾಳೆಯೂ ಹರಿಯಲಿಲ್ಲ.

ಇಬ್ಬರೂ ಪಾಸಾದರು. ವರ್ಷದ ಕೊನೆಗೆ ಸೆಟ್ ವಾಪಸ್ ಕೊಡಲು ಹೋದಾಗ ಕೌಂಟರಿನಲ್ಲಿ ರಂಪ. ಸರ್ಕಾರದ ಆಸ್ತಿ ಹಾಳು ಮಾಡಿದ್ದಾರೆ ಅಂತ ಪೂರ್ತಿ ಬೆಲೆ ದಂಡ. 'ಇವರಿಗೆ ಕೊಟ್ಟರೆ ಇಷ್ಟೇ' ಅಂತ ಒಂದು ಮಾತೂ ಬಂತು. ಯಾರ ಬಾಯಿಂದ ಅಂತ ಹೇಳುವುದಿಲ್ಲ, ಅವರೂ ಸಂಬಳಕ್ಕೆ ದುಡಿಯುವವರು. ಆ ದಂಡದ ಚೀಟಿ ಬರೆದದ್ದು ನಾನು. ಸಂಜೆ ಆ ಎರಡು ಭಾಗವನ್ನೂ ಜೋಡಿಸಿ ಸೂಜಿ ದಾರದಲ್ಲಿ ಹೊಲಿದವನೂ ನಾನೇ. ನಮ್ಮ ತಾತ ಚಪ್ಪಲಿ ಹೊಲಿಯುತ್ತಿದ್ದರು. ಕೈಗೆ ಅಷ್ಟು ಬರುತ್ತದೆ.

ಅದಕ್ಕಿಂತ ದೊಡ್ಡ ಮಾತು ಮೊಹರಿನದು. ಬುಕ್ ಬ್ಯಾಂಕಿನ ಪುಸ್ತಕಕ್ಕೆ ಬೇರೆ ಬೀರು, ಬೇರೆ ಕೌಂಟರು, ಬೇರೆ ದಿನ. ಮೊದಲ ಪುಟದಲ್ಲಿ, ನಡುವಿನ ಒಂದು ಪುಟದಲ್ಲಿ, ಪಕ್ಕದ ಅಂಚಿನ ಮೇಲೆ ನೇರಳೆ ಶಾಯಿಯಲ್ಲಿ 'ಪ.ಜಾ./ಪ.ಪಂ. ಬುಕ್ ಬ್ಯಾಂಕ್'. ಕ್ಲಾಸಿನಲ್ಲಿ ಪುಸ್ತಕ ಮುಚ್ಚಿಟ್ಟರೂ ಅಂಚಿನ ಮೊಹರು ಎಲ್ಲರಿಗೂ ಕಾಣುತ್ತದೆ. ಹುಡುಗಿಯರು ಅದಕ್ಕೆ ಕಂದು ಕಾಗದ ಸುತ್ತುತ್ತಿದ್ದರು, ಅಂಚಿನ ತನಕ. ಕೆಲವರು ತೆಗೆದುಕೊಳ್ಳಲಿಕ್ಕೇ ಬರುತ್ತಿರಲಿಲ್ಲ. ಪುಸ್ತಕ ಬೀರುವಿನಲ್ಲಿ, ಅವರ ಹೆಸರು ಪಟ್ಟಿಯಲ್ಲಿ, ಅವರು ಬೇರೆಯವರ ನೋಟ್ಸಿನ ಜೆರಾಕ್ಸಿನಲ್ಲಿ. ಹೋಟೆಲಿನ ಹೊರಗೆ ತೆಂಗಿನ ಚಿಪ್ಪು ಇಟ್ಟಿದ್ದ ಕಾಲವನ್ನು ಅಜ್ಜಿ ಹೇಳುತ್ತಿದ್ದಳು. ನೀರು ಕೊಡುತ್ತಿರಲಿಲ್ಲ ಅಂತಲ್ಲ, ಕೊಡುತ್ತಿದ್ದರು.

ಮೊಹರು ತೆಗೆದುಬಿಡಿ ಅಂದರೆ ಪುಸ್ತಕವೇ ಹೋಗಿಬಿಡುತ್ತದೆ, ಸಾಮಾನ್ಯ ರಾಶಿಯಲ್ಲಿ ಸೇರಿಕೊಂಡು ಮೊದಲು ಬಂದವನ ಪಾಲಾಗುತ್ತದೆ ಅನ್ನುವವರೂ ನಮ್ಮಲ್ಲೇ ಇದ್ದಾರೆ. ಅವರ ಭಯ ಸುಳ್ಳಲ್ಲ. ನನ್ನ ಅಭಿಪ್ರಾಯ ಇಷ್ಟು. ಗುರುತು ರಿಜಿಸ್ಟರಿನಲ್ಲಿ ಇರಲಿ, ಕಂಪ್ಯೂಟರಿನ ದಾಖಲೆಯಲ್ಲಿ ಇರಲಿ, ಯಾವ ದುಡ್ಡಿನಿಂದ ಬಂತು ಅಂತ ಆಡಿಟಿನವರಿಗೆ ಅಷ್ಟು ಸಾಕು. ಪುಸ್ತಕದ ಮೈಮೇಲೆ ಯಾಕೆ? ಬಾರ್ ಕೋಡು ಬಂದ ಮೇಲೂ ಆ ಮೊಹರು ಹೊಡೆಯುತ್ತಿದ್ದೆವು. ಯಾಕೆ ಅಂತ ನಾನು ಒಂದು ದಿನವೂ ಕೇಳಲಿಲ್ಲ.

ಇನ್ನು ಬೀಗದ ಮಾತು. ಎಸ್.ಆರ್. ರಂಗನಾಥನ್ ಹೆಸರು ಕೇಳಿರುತ್ತೀರಿ. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದರು, 1931ರಲ್ಲಿ ಗ್ರಂಥಾಲಯದ ಐದು ಸೂತ್ರ ಬರೆದರು, ಕೊನೆಗೆ ಬೆಂಗಳೂರಿನಲ್ಲೇ ನೆಲೆಸಿ 1962ರಲ್ಲಿ ದಸ್ತಾವೇಜು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಪುಸ್ತಕವನ್ನು ಕಾಯುವುದಕ್ಕಿಂತ ಓದುಗನ ಕೈಗೆ ಕೊಡುವುದೇ ಗ್ರಂಥಪಾಲನ ಕೆಲಸ ಅನ್ನುವುದು ಅವರ ಐದೂ ಸೂತ್ರಗಳ ತಿರುಳು. ಅವರ ಫೋಟೋಕ್ಕೆ ಪ್ರತಿ ಆಗಸ್ಟಿನಲ್ಲಿ ಹಾರ ಹಾಕುತ್ತಾರೆ. ಅದೇ ಕೋಣೆಯಲ್ಲಿ ಗಾಜಿನ ಬೀರುವಿಗೆ ಬೀಗ.

ಯಾಕೆ ಬೀಗ? ಪುಸ್ತಕ ಕಳೆದರೆ ತಮ್ಮ ಸಂಬಳದಲ್ಲಿ ಹಿಡಿಯುತ್ತಾರೆ ಅನ್ನುವ ಭಯ. ಈ ಭಯಕ್ಕೆ ಒಂದು ಮದ್ದಿದೆ, ಅದು ಸರ್ಕಾರದ ಪುಸ್ತಕದಲ್ಲೇ ಇದೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017, ನಿಯಮ 215. ಬರೆದುಕೊಳ್ಳಿ. ವರ್ಷದಲ್ಲಿ ಕೊಟ್ಟ ಅಥವಾ ನೋಡಿದ ಪ್ರತಿ 1000 ಪುಸ್ತಕಕ್ಕೆ 5 ಪುಸ್ತಕ ಕಳೆದರೆ ಅದು ಸಹಜ ನಷ್ಟ, ಮೋಸವೋ ನಿರ್ಲಕ್ಷ್ಯವೋ ಇಲ್ಲದಿದ್ದರೆ ಸಾಕು. 1000 ರೂಪಾಯಿ ದಾಟಿದ ಬೆಲೆಯದು, ಅಪರೂಪದ್ದು ಹೋದರೆ ಮಾತ್ರ ವಿಚಾರಣೆ. ವರ್ಷಕ್ಕೆ 40,000 ಸಲ ಪುಸ್ತಕ ಕೈ ಬದಲಾದರೆ 200 ಪುಸ್ತಕ ಕಳೆಯಬಹುದು ಅಂತ ಸರ್ಕಾರವೇ ಲೆಕ್ಕ ಹಾಕಿಟ್ಟಿದೆ. ರಾಜ್ಯದ ಕಾಲೇಜುಗಳಿಗೆ ಈ ನಿಯಮ ನೇರ ಅನ್ವಯ ಅಲ್ಲ, ನಿಜ. ಆದರೆ ಮಾತಿಗೆ ಕೂತಾಗ ಮುಂದಿಡಬಹುದು. ಬೀಗ ಹಾಕಿದ ಬೀರುವಿನಲ್ಲಿ ಒಂದೂ ಕಳೆಯುವುದಿಲ್ಲ, ಒಂದೂ ಓದಿಸಿಕೊಳ್ಳುವುದೂ ಇಲ್ಲ.

ಇಷ್ಟೂ ಪ್ರತಿಗಳ ಮಾತಾಯಿತು. ಯಾವ ಪುಸ್ತಕ ಅನ್ನುವ ಮಾತೂ ಸ್ವಲ್ಪ ಇದೆ.

ಇಂಜಿನಿಯರಿಂಗ್ ಪುಸ್ತಕಗಳು ಡ್ಯೂಯಿ ದಶಾಂಶ ಪದ್ಧತಿಯಲ್ಲಿ 620ರಿಂದ ಶುರು. 621.3 ವಿದ್ಯುತ್ತು, 624 ಸಿವಿಲ್, 627 ನೀರು ಅಣೆಕಟ್ಟು, 628 ನೈರ್ಮಲ್ಯ. 628.2ರಲ್ಲಿ ಒಳಚರಂಡಿ. ಈ ನಂಬರು ಕೊಟ್ಟ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪದ್ಧತಿ ಪ್ರಕಟಿಸಿದ ಅಮೆರಿಕದವನು. ಕರಿಯರನ್ನು, ಯಹೂದಿಗಳನ್ನು ಒಳಗೆ ಬಿಡದ ಒಂದು ಕ್ಲಬ್ಬನ್ನೂ ನಡೆಸುತ್ತಿದ್ದ. ಅದಕ್ಕೂ, ಹೆಂಗಸರೊಂದಿಗೆ ನಡೆದುಕೊಂಡ ರೀತಿಗೂ 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ತನ್ನ ಪದಕದಿಂದ ಅವನ ಹೆಸರು ತೆಗೆಯಿತು. ಇದು ದಾರಿಯಲ್ಲಿ ಹೇಳಿದ್ದು.

ನಾನು 628ರ ಸಾಲಿಗೆ ಲೇಬಲ್ ಅಂಟಿಸುವಾಗ ಒಂದೊಂದನ್ನೂ ತೆರೆದು ನೋಡುತ್ತಿದ್ದೆ. ಪೈಪಿನ ವ್ಯಾಸ, ಇಳಿಜಾರು, ಹರಿವಿನ ವೇಗ, ಮ್ಯಾನ್‌ಹೋಲಿನ ಚಿತ್ರ. ಎಲ್ಲ ಇದೆ. ಒಳಗೆ ಇಳಿಯುವ ಮನುಷ್ಯ ಇಲ್ಲ. ಅವನು ಬೇಕಾದರೆ ಕೆಳಗಿನ ಮಹಡಿಗೆ, 300ರ ಸಾಲಿಗೆ ಹೋಗಬೇಕು, ಸಮಾಜಶಾಸ್ತ್ರದವರ ಹತ್ತಿರ. ನಡುವೆ ಎರಡು ಮೆಟ್ಟಿಲು ಸಾಲು. ಇಂಜಿನಿಯರಿಂಗ್ ಹುಡುಗ ಅದನ್ನು ಇಳಿಯುವುದಿಲ್ಲ, ಸಮಾಜಶಾಸ್ತ್ರದವನು ಹತ್ತುವುದಿಲ್ಲ.

ಪೂರ್ತಿ ಇಲ್ಲ ಅಂದರೂ ತಪ್ಪಾಗುತ್ತದೆ. ಭಾರತೀಯ ಮಾನಕಗಳು ಅಂತ ಒಂದು ಬೀರು ಇರುತ್ತದೆ. ಅದರಲ್ಲಿ ಐಎಸ್ 11972 ಅಂತ ಒಂದು ತೆಳು ಪುಸ್ತಿಕೆ, 1987ರದು. ಒಳಚರಂಡಿ ವ್ಯವಸ್ಥೆಯೊಳಗೆ ಇಳಿಯುವಾಗ ತೆಗೆದುಕೊಳ್ಳಬೇಕಾದ ಮುನ್ನೆಚ್ಚರಿಕೆಗಳು. ಗೆಳೆಯರೇ, 1987. ಮಲ ಹೊರುವುದನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ, ರಕ್ಷಣೆಯಿಲ್ಲದೆ ಚರಂಡಿಗೆ ಇಳಿಸುವುದನ್ನು ಸೇರಿಸಿದ ಕಾಯ್ದೆ 2013ರಲ್ಲಿ. ಸುಪ್ರೀಂ ಕೋರ್ಟು ಸತ್ತವರ ಮನೆಗೆ 10 ಲಕ್ಷ ಕೊಡಿ ಅಂದದ್ದು 2014ರಲ್ಲಿ, ಅದನ್ನು 30 ಲಕ್ಷಕ್ಕೆ ಏರಿಸಿದ್ದು 2023ರ ಅಕ್ಟೋಬರಿನಲ್ಲಿ. ಅಂದರೆ ಒಳಗೆ ವಿಷದ ಗಾಳಿ ಇದೆ ಅನ್ನುವುದು ಇಂಜಿನಿಯರಿಗೆ ಮೂವತ್ತು ವರ್ಷಕ್ಕೂ ಹಿಂದೆ ಬರಹದಲ್ಲಿ ಗೊತ್ತಿತ್ತು. ಆ ಬೀರು ರೆಫರೆನ್ಸ್ ವಿಭಾಗದಲ್ಲಿ ಇರುತ್ತದೆ, ಅದಕ್ಕೂ ಬೀಗ. ಕಾಂಕ್ರೀಟಿನ ಐಎಸ್ 456 ಮಾತ್ರ ಹೊರಗೆ ಬಂದು ಮೂಲೆ ಮಡಚಿರುತ್ತದೆ, ಪರೀಕ್ಷೆಗೆ ಬೇಕಲ್ಲ. ಈಗ ಮಾನಕ ಬ್ಯೂರೋದ ತಾಣದಲ್ಲಿ ಹೆಸರು ನೋಂದಾಯಿಸಿದರೆ ಇವನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. 11972ನ್ನು ಇಳಿಸಿಕೊಂಡು ನಿಮ್ಮ ಊರಿನ ಪೌರಕಾರ್ಮಿಕರ ಸಂಘಕ್ಕೆ ಕನ್ನಡದಲ್ಲಿ ಓದಿ ಹೇಳಿ.

627ರದ್ದೂ ಇದೇ ಕತೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ನೀರಾವರಿ, ವಿದ್ಯುತ್ತು ಅವರ ಕೈಯಲ್ಲಿತ್ತು. ದಾಮೋದರ ಕಣಿವೆ, ಹಿರಾಕುಡ್ ಯೋಜನೆಗಳ ಮೊದಲ ಸಭೆಗಳು ಅವರ ಕಾಲದವು. ಇಂದಿನ ಕೇಂದ್ರ ಜಲ ಆಯೋಗದ ಮೂಲ ಸಂಸ್ಥೆ ಹುಟ್ಟಿದ್ದು 1945ರಲ್ಲಿ. ಆ ಭಾಷಣಗಳೆಲ್ಲ ಅವರ ಬರಹಗಳ 10ನೇ ಸಂಪುಟದಲ್ಲಿವೆ. ಸಂಪುಟ ಎಲ್ಲಿದೆ? ಅಂಬೇಡ್ಕರ್ ಮೂಲೆಯಲ್ಲಿ, ಫೋಟೋದ ಕೆಳಗೆ. ಅಣೆಕಟ್ಟಿನ ಸಾಲಿನಲ್ಲಿ ಅದರ ಇನ್ನೊಂದು ಪ್ರತಿ ಇಡಬಾರದು ಅಂತ ಯಾವ ನಿಯಮವೂ ಇಲ್ಲ. ಯಾರೂ ಚೀಟಿ ಬರೆದಿಲ್ಲ, ಅಷ್ಟೇ.

ಈಗ ಎಲ್ಲ ಕಂಪ್ಯೂಟರಿನಲ್ಲಿ ಬಂದಿದೆಯಲ್ಲ, ಇವನು ಇನ್ನೂ ಚೀಟಿ ಗೋಂದು ಅಂತಿದ್ದಾನೆ ಅಂತ ಹಿಂದೆ ಯಾರೋ ನಕ್ಕಿರಿ. ಬಂದಿದೆ, ಒಪ್ಪಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿತು. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, 13,000ದಷ್ಟು ಪತ್ರಿಕೆಗಳು, 6,300 ಸರ್ಕಾರಿ ಸಂಸ್ಥೆಗಳು. ಎಲ್ಸೆವಿಯರ್, ಸ್ಪ್ರಿಂಗರ್, ವೈಲಿ ಎಲ್ಲ ಅದರಲ್ಲಿವೆ. ಸಂಶೋಧನೆಗೆ ದೊಡ್ಡ ಉಪಕಾರ, ಮೊದಲು ಐಐಟಿಯಂಥ ದೊಡ್ಡ ಸಂಸ್ಥೆಗಳವರಿಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಜಿಲ್ಲೆಯ ಸರ್ಕಾರಿ ಕಾಲೇಜಿಗೂ ಸಿಗುವ ಹಾಗಾಯಿತು. ಆದರೆ ಅವು ಸಂಶೋಧನಾ ಪತ್ರಿಕೆಗಳು. ಮೂರನೇ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿಸಿಕೊಂಡವನಿಗೆ ಬೇಕಾದ ಪಠ್ಯಪುಸ್ತಕ ಆ 6,000 ಕೋಟಿಯಲ್ಲಿ ಇಲ್ಲ. ಎನ್‌ಪಿಟಿಇಎಲ್ ಪಾಠಗಳು ಪುಕ್ಕಟೆ ಇವೆ, ನೋಡಿ. ಎಐಸಿಟಿಇ ತನ್ನ ಇ-ಕುಂಭ್ ತಾಣದಲ್ಲಿ ಕನ್ನಡದ ಇಂಜಿನಿಯರಿಂಗ್ ಪುಸ್ತಕಗಳನ್ನೂ ಇಟ್ಟಿದೆ, ಅವನ್ನೂ ನೋಡಿ, ಅನುವಾದ ಒರಟಾಗಿದ್ದರೆ ಬೈದುಕೊಂಡಾದರೂ ಓದಿ. ಆದರೆ ಬಿರುಕು ಬಿಟ್ಟ ಐದಿಂಚಿನ ಫೋನಿನಲ್ಲಿ, ಹಾಸ್ಟೆಲಿನ ಒಂದೇ ಪ್ಲಗ್ಗಿಗೆ ಆರು ಚಾರ್ಜರು ಸಿಕ್ಕಿಸಿಕೊಂಡು ಬೀಮಿನ ಲೆಕ್ಕ ಮಾಡಿದವನಿಗೆ ಗೊತ್ತು ಕಾಗದದ ಪುಸ್ತಕದ ಬೆಲೆ.

ಅದಕ್ಕೇ ಚೀಟಿಗೆ ವಾಪಸ್ ಬರುತ್ತೇನೆ. ಇಂಡೆಂಟ್ ಮೇಷ್ಟ್ರು ಬರೆಯುವುದು. ಆದರೆ ವಿದ್ಯಾರ್ಥಿ ಬರೆಯುವ ಸಲಹಾ ಚೀಟಿಯೂ ಇದೆ. ಕೌಂಟರಿನಲ್ಲಿ ಕೇಳಿದರೆ ಕೊಡುತ್ತಾರೆ, ಈಗ ಕೆಲವು ಕಡೆ ಕಂಪ್ಯೂಟರಿನಲ್ಲೇ ತುಂಬಬಹುದು. ನಾನಿದ್ದ ಎರಡು ವರ್ಷದಲ್ಲಿ ಹಾಸ್ಟೆಲ್ ಹುಡುಗರು ಬರೆದದ್ದು ಅಂತ ನನ್ನ ಕೈಗೆ ಬಂದದ್ದು ಮೂರೋ ನಾಲ್ಕೋ. ನನ್ನ ರೂಮಿನವನೇ ಬರೆದಿರಲಿಲ್ಲ. 'ನಮ್ಮದನ್ನ ಯಾರು ನೋಡ್ತಾರೆ ಬಿಡೋ' ಅನ್ನುತ್ತಿದ್ದ. ನೋಡುತ್ತಿದ್ದವನು ನಾನೇ, ಅವನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವನು.

ಚೀಟಿಯಲ್ಲಿ ಲೇಖಕರ ಹೆಸರು, ಪುಸ್ತಕದ ಹೆಸರು, ಎಷ್ಟನೇ ಆವೃತ್ತಿ, ಪ್ರಕಾಶಕರು ಬರೆಯಿರಿ. ಕೆಳಗೆ ಷರಾ ಅಂತ ಜಾಗ ಇದ್ದರೆ, ಈ ಪುಸ್ತಕ ಕೇಳಿ ಎಷ್ಟು ಸಲ ವಾಪಸ್ ಹೋದಿರಿ, ಯಾವ ಯಾವ ದಿನ ಅಂತ ಬರೆಯಿರಿ. ಒಬ್ಬರು ಬರೆದರೆ ಫೈಲಿಗೆ ಹೋಗುತ್ತದೆ, ಒಂದೇ ಪುಸ್ತಕಕ್ಕೆ ಇಪ್ಪತ್ತು ಜನ ಬರೆದರೆ ಸಮಿತಿಯ ಮುಂದೆ ಇಡಲೇಬೇಕಾಗುತ್ತದೆ. ಜೂನ್, ಜುಲೈನಲ್ಲೇ ಕೊಡಿ, ಮಾರ್ಚ್ ಬರುವ ತನಕ ಕಾಯಬೇಡಿ. ಬುಕ್ ಬ್ಯಾಂಕಿನ ಪಟ್ಟಿ ಯಾವ ಸ್ಕೀಮಿನದು ಅಂತ ಕೇಳಿ. ಬಾಯಿಮಾತಿಗೆ ಹೇಳದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ಮತ್ತೆ ಆ ಚೀಟಿಯಲ್ಲಿ 'ಪ್ರತಿಗಳ ಸಂಖ್ಯೆ' ಅಂತ ಒಂದು ಸಣ್ಣ ಚೌಕ ಇರುತ್ತದೆ. ಎಲ್ಲರೂ ಅದನ್ನು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟರೆ ಕೂತ ಗುಮಾಸ್ತ ತಾನೇ 1 ಅಂತ ತುಂಬುತ್ತಾನೆ. ಎರಡು ವರ್ಷ ನಾನು ಹಾಗೇ ತುಂಬಿದ್ದೇನೆ.